ಬಸ್ಸಿನ ಡಿಕ್ಕಿಗೆ ಎಳೆಯುವ ಟ್ರೇ: ನಾವು ಎರಡು ಸಲ ಮಾಡಿ ಕಲಿತದ್ದು

ಮದುವೆ ಮನೆ ಮುಂದೆ ಬಸ್ಸು ನಿಲ್ಲಿಸಿ, ಡಿಕ್ಕಿಯೊಳಗೆ ಹೊಟ್ಟೆ ಮೇಲೆ ತೆವಳಿಕೊಂಡು ಹೋಗಿ, ಮೂಲೆಯಲ್ಲಿ ಸಿಕ್ಕಿಕೊಂಡ ಕೊಪ್ಪರಿಗೆ ಎಳೆದು ತಂದವರಿಗೆ ಟ್ರೇ ಯಾಕೆ ಬೇಕು ಅಂತ ಹೇಳಬೇಕಾಗಿಲ್ಲ. ನಮ್ಮದು ಗಂಗಾವತಿ. ಅಣ್ಣನದು ಅಡುಗೆ ಕಾಂಟ್ರಾಕ್ಟು, ನನ್ನದು ವೆಲ್ಡಿಂಗ್ ಶಾಪು. ಒಂದು ಹಳೆಯ ಟೂರಿಸ್ಟ್ ಬಸ್ಸು ತಗೊಂಡು, ಹಿಂದಿನ ಸೀಟು ತೆಗೆಸಿ, ಅಡುಗೆಯವರೂ ಸಾಮಾನೂ ಒಟ್ಟಿಗೆ ಹೋಗುವಂತೆ ಮಾಡಿಕೊಂಡಿದ್ದೇವೆ. ಮೊದಲ ಟ್ರೇ ಮಾಡಿದ್ದು ತಪ್ಪು, ಎರಡನೆಯದು ಇವತ್ತಿಗೂ ಓಡುತ್ತಿದೆ. ಬರೆಯುತ್ತಿರುವುದು ಎರಡನೆಯದರ ಬಗ್ಗೆ, ಆದರೆ ಮೊದಲನೆಯದು ನಡುನಡುವೆ ಬರುತ್ತದೆ.

ಕೆಲಸಕ್ಕೆ ಮುಂಚೆ ಕಾಗದದ ಮಾತು ಮುಗಿಸಿಬಿಡೋಣ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ಬರೆದ ವಿವರ ಬದಲಾಗುವಂಥ ಮಾರ್ಪಾಡು ಸುಮ್ನೆ ಮಾಡುವ ಹಾಗಿಲ್ಲ. ಸೀಟು ತೆಗೆಸುವುದಿದ್ದರೆ ಮೊದಲೇ ಆರ್‌ಟಿಒ ಆಫೀಸಿಗೆ ಹೋಗಿ ಬನ್ನಿ. ಆರ್‌ಸಿಯಲ್ಲಿರುವ ಒಟ್ಟು ತೂಕ ನೋಡಿಕೊಳ್ಳಿ, ಟ್ರೇ ಹಾಕಿದ ಮೇಲೆ ಸಾಮಾನು ತುಂಬುವ ಆಸೆ ಜಾಸ್ತಿಯಾಗುತ್ತದೆ.

ಈಗ ಅಳತೆ. ಹಿಂದೆ ಇಂಜಿನ್ ಇರುವ ಬಸ್ಸಿನಲ್ಲಿ ಡಿಕ್ಕಿ ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಆರ್‌ಪಾರ್ ಇರುತ್ತದೆ. ಮುಂದೆ ಇಂಜಿನ್ ಇದ್ದರೆ ನಡುವೆ ಚಾಸಿ ಹಾದುಹೋಗುತ್ತದೆ, ಹಾಗಾಗಿ ಒಂದೊಂದು ಬದಿಗೆ ಸಿಗುವುದು ಎರಡೂವರೆ ಅಡಿ ಆಳ ಅಷ್ಟೇ. ನಮ್ಮದು ಮೊದಲನೇ ಥರದ್ದು. ಎಡಗಡೆಯಿಂದ 150 ಸೆಂ.ಮೀ. ಉದ್ದದ ಟ್ರೇ, ಉಳಿದ ಜಾಗಕ್ಕೆ ಬಲಗಡೆಯಿಂದ ಜಮಖಾನ, ಎಲೆ, ಲೋಟದಂಥ ಹಗುರ ಸಾಮಾನು. ಭಾರದ್ದು ಎಡಕ್ಕೇ ತೆರೆಯಬೇಕು ಅಂತ ನಾನು ಹಠ ಹಿಡಿದೆ, ಯಾಕೆಂದರೆ ನಮ್ಮಲ್ಲಿ ಬಸ್ಸಿನ ಎಡಗಡೆಗೆ ರಸ್ತೆಯ ಅಂಚು ಬರುತ್ತದೆ, ಬಲಕ್ಕೆ ಟ್ರೇ ಎಳೆದು ನಿಂತರೆ ಹಿಂದಿನಿಂದ ಭತ್ತದ ಲಾರಿ ಬಂದಾಗ ಓಡಲು ಜಾಗ ಇರುವುದಿಲ್ಲ.

ಡಿಕ್ಕಿಯ ಒಳಗಿನ ಅಗಲ ನಂಬಬೇಡಿ, ಬಾಗಿಲ ಬಾಯಿಯ ಅಗಲ ಹಿಡಿಯಿರಿ. ಅದನ್ನೂ ಮೇಲೆ, ನಡುವೆ, ಕೆಳಗೆ ಮೂರು ಕಡೆ ಹಿಡಿದು ಎಲ್ಲಕ್ಕಿಂತ ಕಡಿಮೆ ಬಂದದ್ದನ್ನು ಬರೆದುಕೊಳ್ಳಿ. ಹಳೆ ಬಾಡಿ ಯಾವತ್ತೂ ಮೂಲೆ ಮಟ್ಟಕ್ಕೆ ಇರುವುದಿಲ್ಲ. ಆಮೇಲೆ ಹೊಸ್ತಿಲು. ಡಿಕ್ಕಿ ಬಾಯಲ್ಲಿ ಒಂದು ಪಟ್ಟಿ ನೆಲಕ್ಕಿಂತ ಎತ್ತರ ಇರುತ್ತದೆ, ಟ್ರೇ ಅದರ ಮೇಲೆ ಹಾದುಹೋಗಬೇಕು. ಬಾಗಿಲು ಮೇಲಕ್ಕೆ ತೆರೆಯುತ್ತೋ ಪಕ್ಕಕ್ಕೋ ಕೆಳಕ್ಕೋ ಅನ್ನುವುದನ್ನೂ ನೋಡಿ, ಕೆಳಕ್ಕೆ ಇಳಿಯುವ ಬಾಗಿಲಾದರೆ ಟ್ರೇ ಅದಕ್ಕೂ ಮೇಲಿರಬೇಕು. ಮುಚ್ಚಿದಾಗ ಟ್ರೇ ಮುಂಭಾಗಕ್ಕೂ ಬಾಗಿಲಿಗೂ ನಡುವೆ 3-4 ಸೆಂ.ಮೀ. ಬಿಡಿ.

ಇನ್ನು ತೂಕ. ಇಲ್ಲೇ ನಾನು ಮೊದಲ ಸಲ ಮಣ್ಣು ತಿಂದದ್ದು. ಫರ್ನಿಚರಿಗೆ ಹಾಕುವ ಟೆಲಿಸ್ಕೋಪಿಕ್ ಚಾನೆಲ್ ತಂದು ಹಾಕಿದ್ದೆ, ಡಬ್ಬದ ಮೇಲೆ 45 ಕೆ.ಜಿ. ಅಂತ ಇತ್ತು. ಎರಡು ಜೋಡಿ ಹಾಕಿದರೆ 90 ಆಯ್ತಲ್ಲ ಅಂತ ನನ್ನ ಲೆಕ್ಕ. ಕಪಾಟಿನಲ್ಲಿ ಸುಮ್ಮನೆ ನಿಂತ ಡ್ರಾಗೆ ಹೇಳಿದ ತೂಕ ಅದು, ಕಾರಟಗಿ ದಾರಿಯ ಗುಂಡಿಯಲ್ಲಿ ಕುಣಿಯುವ ಬಸ್ಸಿಗಲ್ಲ. ಎರಡು ತಿಂಗಳಲ್ಲಿ ಒಳಗಿನ ಸಣ್ಣ ಗುಂಡುಗಳು ಒಂದೊಂದಾಗಿ ಉದುರಿದವು.

ಎರಡನೇ ಸಲ ಎಲ್ಲವನ್ನೂ ಕಾಟಾ ಮೇಲೆ ಇಟ್ಟೆ. ಊರ ತುಂಬ ರೈಸ್ ಮಿಲ್ಲು, ತೂಕ ಹಾಕಲು ಕಾಟಾಕ್ಕೇನು ಬರ! ಕೊಪ್ಪರಿಗೆ, ಕಡಾಯಿ, ಒಲೆ, ಸೌಟಿನ ಪೆಟ್ಟಿಗೆ ಎಲ್ಲಾ ಸೇರಿ 70 ಕೆ.ಜಿ. ಆಯ್ತು. ಟ್ರೇ ತೂಕ 30 ಹಿಡಿದರೆ ಒಟ್ಟು 100.

ಈಗ ನಿಧಾನವಾಗಿ ಓದಿ. ಎಳೆಯುವ ಟ್ರೇ ಅಂದರೆ ಅದು ಏತ ಇದ್ದ ಹಾಗೆ. ಟ್ರೇ ಓಡುವುದು ಎರಡು ಜೋಡಿ ಸಣ್ಣ ಚಕ್ರಗಳ ಮೇಲೆ, ಒಂದು ಜೋಡಿ ಡಿಕ್ಕಿ ಬಾಯಲ್ಲಿ, ಇನ್ನೊಂದು ಟ್ರೇಯ ಹಿಂತುದಿಯಲ್ಲಿ. 150 ಸೆಂ.ಮೀ. ಟ್ರೇಯನ್ನು 75 ಎಳೆದರೆ ಅರ್ಧ ಹೊರಗೆ ಅರ್ಧ ಒಳಗೆ, 100 ಕೆ.ಜಿ. ಪೂರ್ತಿ ಬಾಯಿಯ ಚಕ್ರದ ಮೇಲೆ ಕೂರುತ್ತದೆ. ಹಿಂದಿನ ಚಕ್ರಕ್ಕೆ ಏನೂ ಭಾರವಿಲ್ಲ. 100 ಎಳೆದರೆ ಕಥೆ ಬದಲಾಗುತ್ತದೆ. ಒಳಗೆ 50 ಉಳಿಯುತ್ತದೆ, ಭಾರದ ನಡು ಬಾಯಿಂದ 25 ಆಚೆ ಹೋಗುತ್ತದೆ, ಟ್ರೇಯ ಬಾಲ 50 ಕೆ.ಜಿ. ಬಲದಲ್ಲಿ ಮೇಲಕ್ಕೆ ಏಳುತ್ತದೆ, ಬಾಯಿಯ ಚಕ್ರಗಳ ಮೇಲೆ 150 ಬೀಳುತ್ತದೆ. ಇನ್ನೂ ಆಸೆಪಟ್ಟು 120 ಎಳೆದರೆ ಬಾಲ 150 ಕೆ.ಜಿ. ಬಲದಲ್ಲಿ ಏಳುತ್ತದೆ, ಬಾಯಿಗೆ 250! ಸಾಮಾನು ಒಂದು ಕೆ.ಜಿ.ಯೂ ಜಾಸ್ತಿಯಾಗಿಲ್ಲ, ಎಳೆದದ್ದು ಮಾತ್ರ 20 ಸೆಂ.ಮೀ. ಜಾಸ್ತಿ. ಅದಕ್ಕೇ ನಾನು ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚು ಎಳೆಯಲು ಬಿಡುವುದಿಲ್ಲ. ಅಣ್ಣನಿಗೆ ಪೂರ್ತಿ ಹೊರಗೆ ಬರುವ ಟ್ರೇ ಬೇಕಿತ್ತು, ಎರಡು ದಿನ ಮಾತು ಬಿಟ್ಟಿದ್ದ. ಇರಲಿ.

ಈ ಲೆಕ್ಕದಿಂದ ಇನ್ನೊಂದು ಉಪಾಯ ಸಿಗುತ್ತದೆ. ಭಾರದ ಸಾಮಾನನ್ನು ಟ್ರೇಯ ಒಳತುದಿಗೆ, ಹಗುರದ್ದನ್ನು ಮುಂತುದಿಗೆ ಇಟ್ಟರೆ ಏತದ ಬಲ ತಾನೇ ಕಡಿಮೆಯಾಗುತ್ತದೆ. ಎತ್ತುವವರಿಗೆ ಸ್ವಲ್ಪ ಬಗ್ಗಬೇಕಾಗುತ್ತದೆ, ಬೈತಾರೆ, ಬೈಯಲಿ.

ಹಳಿ ಹೇಗಿರಬೇಕು? ಹಳೆ ಕಂಪ್ಯೂಟರ್ ಟೇಬಲ್ಲಿನ ಕೀಬೋರ್ಡ್ ಟ್ರೇ ನೆನಪಿದೆಯಾ, ಒಂದು ಚಕ್ರ ಟೇಬಲ್ಲಿಗೆ, ಒಂದು ಚಕ್ರ ಟ್ರೇಗೆ ಇರುತ್ತಿತ್ತಲ್ಲ, ಅದೇ ಕ್ರಮ, ಗಾತ್ರ ದೊಡ್ಡದು. ಬಸ್ಸಿನ ನೆಲದ ಎರಡೂ ಬದಿಗೆ ಒಂದೊಂದು ಸಿ ಚಾನೆಲ್, ಅಂದರೆ ಇಂಗ್ಲಿಷಿನ ಸಿ ಆಕಾರದ ಹಳಿ, ಬಾಯಿ ಒಳಮುಖವಾಗಿ. ಚಕ್ರದ ಜಾಗಕ್ಕೆ ಬೇರಿಂಗ್. ಟ್ರೇಯ ಹಿಂತುದಿಯ ಎರಡು ಬೇರಿಂಗ್ ಈ ಚಾನೆಲ್ ಒಳಗೆ ಓಡುತ್ತವೆ. ಚಾನೆಲ್ಲಿನ ಮೇಲಿನ ಅಂಚೇ ಬಾಲ ಏಳದಂತೆ ಒತ್ತಿ ಹಿಡಿಯುವುದು. ಇನ್ನೆರಡು ಬೇರಿಂಗ್ ಡಿಕ್ಕಿ ಬಾಯಲ್ಲಿ, ಬಸ್ಸಿಗೇ ಕೂತಿರುತ್ತವೆ, ಟ್ರೇಯ ಅಂಚಿನ ಪೈಪು ಅವುಗಳ ಮೇಲೆ ಜಾರುತ್ತದೆ.

ಅಂಗಡಿಯಲ್ಲಿ ರೆಡಿ ಸಿಗುವ ಚಾನೆಲ್ ತರಬೇಡಿ. ಅದರ ಅಂಚಿನ ಒಳಮೈ ಇಳಿಜಾರಾಗಿರುತ್ತದೆ, ಬೇರಿಂಗು ಒಂದು ಮೂಲೆಯಲ್ಲೇ ಉಜ್ಜಿಕೊಂಡು ಓಡುತ್ತದೆ. 3 ಎಂ.ಎಂ. ಶೀಟನ್ನು ಬೆಂಡಿಂಗ್ ಮಷಿನ್ನಿನಲ್ಲಿ ಮಡಚಿಸಿಕೊಳ್ಳಿ. ಬೇರಿಂಗ್ ನಂಬರು 6204, ಎರಡೂ ಕಡೆ ರಬ್ಬರ್ ಸೀಲ್ ಇರುವುದು, ಅಂದರೆ 2ಆರ್‌ಎಸ್. ಇದರ ಹೊರಸುತ್ತು 47 ಎಂ.ಎಂ., ತೂತು 20, ದಪ್ಪ 14. ಚಾನೆಲ್ಲಿನ ಒಳ ಎತ್ತರ 49 ಇರಲಿ. ಆ 2 ಎಂ.ಎಂ. ಸಡಿಲಕ್ಕೆ ಟ್ರೇ ಪೂರ್ತಿ ಎಳೆದಾಗ ಮುಂತುದಿ 4 ಎಂ.ಎಂ. ತಗ್ಗುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. 6203 ಯಾಕೆ ಬೇಡ ಅಂದರೆ ಅದರ ತೂತು 17, ಆ ಸೈಜಿನ ಬೋಲ್ಟಿಗೆ ಲೇತಿನವನ ಹತ್ತಿರ ಕಾಯಬೇಕು. 6204ಕ್ಕೆ 20ರ ಬೋಲ್ಟು ನೇರ ಕೂರುತ್ತದೆ. ತೂಕಕ್ಕೆ ನೋಡಿದರೆ 6201 ಕೂಡ ಸಾಕು, ಆದರೆ ಚಿಕ್ಕ ಚಕ್ರಕ್ಕೆ ಒಂದು ಭತ್ತದ ಕಾಳು ಅಡ್ಡ ಬಂದರೂ ನಿಂತುಬಿಡುತ್ತದೆ.

ಪೈಪಿಗೆ ನೇರ ತೂತು ಹೊಡೆದು ಬೋಲ್ಟು ಬಿಗಿದರೆ ಪೈಪು ಅಮುಕಿಕೊಳ್ಳುತ್ತದೆ. 8 ಎಂ.ಎಂ. ಪಟ್ಟಿಯ ತುಂಡು ವೆಲ್ಡ್ ಮಾಡಿ, ಅದಕ್ಕೆ ತೂತು ಹಾಕಿ. ಬಾಯಿಯ ಬೇರಿಂಗಿನ ಪಟ್ಟಿಗೆ ಮಾತ್ರ ದುಂಡು ತೂತು ಬೇಡ, ಮೇಲೆ ಕೆಳಗೆ ಸರಿಸಲು ಆಗುವಂತೆ ಉದ್ದ ತೂತು ಇರಲಿ. ಟ್ರೇ ಮಟ್ಟಕ್ಕೆ ಬಂದ ಮೇಲೆ ಬಿಗಿ ಮಾಡಿ. ಇದೊಂದು ಮಾಡಿದ್ದಕ್ಕೆ ನನಗೆ ಅರ್ಧ ದಿನದ ಗ್ರೈಂಡಿಂಗ್ ಕೆಲಸ ಉಳಿಯಿತು.

ಟ್ರೇ ಮಾಡುವುದು ಸುಲಭ, ಬೇಗ ಹೇಳಿ ಮುಗಿಸುತ್ತೇನೆ. ಸುತ್ತ 40-40ರ ಸ್ಕ್ವೇರ್ ಪೈಪು, 2 ಎಂ.ಎಂ. ದಪ್ಪದ್ದು. ನಡುವೆ ಮೂರು ಅಡ್ಡಪೈಪು, 25-25. ಮೇಲೆ 12 ಎಂ.ಎಂ. ವಾಟರ್‌ಪ್ರೂಫ್ ಪ್ಲೈವುಡ್. ಎಲ್ಲರೂ 18 ಹಾಕಿ ಅಂತಾರೆ, ಕೆಳಗೆ ಅಡ್ಡಪೈಪು ಇದ್ದ ಮೇಲೆ ಅದು ಸುಮ್ನೆ ಭಾರ. 150ಕ್ಕೆ 100ರ ಟ್ರೇ ಹೀಗೆ ಮಾಡಿದರೆ 30 ಕೆ.ಜಿ. ಒಳಗೇ ಬರುತ್ತದೆ. ಪ್ಲೈ ಕತ್ತರಿಸಿದ ಅಂಚಿಗೆಲ್ಲ ಪೇಂಟ್ ಕುಡಿಸಿ. ಸುತ್ತ ಎರಡು ಇಂಚಿನ ಅಂಚು, ನಾಲ್ಕು ಮೂಲೆಗೆ ಬೆಲ್ಟು ಬಿಗಿಯಲು ನಾಲ್ಕು ಬಳೆ. ಪ್ಲೈ ಮೇಲೆ ರಬ್ಬರ್ ಮ್ಯಾಟು ಹಾಸಿ, ಇಲ್ಲದಿದ್ದರೆ ರಾಯಚೂರು ಮುಟ್ಟುವ ತನಕ ಪಾತ್ರೆ ಬಾರಿಸುತ್ತಲೇ ಇರುತ್ತವೆ.

ಹಳಿ ಕೂರಿಸುವಾಗ ಹುಷಾರು. ಬಾಲ ಮೇಲಕ್ಕೆ ಎಳೆಯುತ್ತದೆ ಅಂದೆನಲ್ಲ, ಆ ಎಳೆತ ಬರುವುದು ಹಳಿಯ ಬೋಲ್ಟಿಗೆ. ಡಿಕ್ಕಿಯ ನೆಲದ ತಗಡಿಗೆ ಸ್ಕ್ರೂ ಹೊಡೆದರೆ ಅದು ಹಾಳೆಯಂತೆ ಹರಿದು ಬರುತ್ತದೆ. ಕೆಳಗೆ ಇಣುಕಿ, ಅಡ್ಡ ಆಂಗ್ಲರ್ ಎಲ್ಲೆಲ್ಲಿ ಇದೆ ಗುರುತು ಮಾಡಿ, ಬೋಲ್ಟು ಅದರ ಮೂಲಕವೇ ಹೋಗಲಿ, ಅಡಿಯಲ್ಲಿ ದಪ್ಪ ಪಟ್ಟಿ ಮತ್ತು ನೈಲಾಕ್ ನಟ್ಟು, ಅಂದರೆ ಅಲುಗಾಟಕ್ಕೆ ಸಡಿಲವಾಗದ ನಟ್ಟು. ಚಾಸಿಗೆ ತೂತು ಹಾಕಬೇಡಿ, ವೆಲ್ಡಿಂಗೂ ಬೇಡ. ಡ್ರಿಲ್ ಹಿಡಿಯುವ ಮುಂಚೆ ಡೀಸೆಲ್ ಪೈಪು, ಬ್ರೇಕಿನ ಗಾಳಿ ಪೈಪು, ವೈರು ಎಲ್ಲಿ ಹೋಗಿದೆ ಅಂತ ಕೈಯಿಂದ ತಡವಿ ನೋಡಿ. ಬಸ್ಸಿನ ಮೇಲೇ ವೆಲ್ಡ್ ಮಾಡುವ ಪ್ರಸಂಗ ಬಂದರೆ ಮೊದಲು ಬ್ಯಾಟರಿ ಕೇಬಲ್ ತೆಗೆಯಿರಿ.

ಟ್ರೇ ತನ್ನ ಅಳತೆಗೆ ನಿಲ್ಲಲು ಚಾನೆಲ್ ಒಳಗೆ, ಬಾಯಿಂದ 50 ಸೆಂ.ಮೀ. ಹಿಂದೆ, ಒಂದು ತಡೆ ಬೇಕು. ಅದು ಬೋಲ್ಟಿನದ್ದಾಗಿರಲಿ. ನಾನು ಮೊದಲು ವೆಲ್ಡ್ ಮಾಡಿ, ಆಮೇಲೆ ಟ್ರೇ ಬಿಚ್ಚಲು ಆಗದೆ ಅದನ್ನೇ ಕತ್ತರಿಸಿದೆ.

ಲಾಕ್ ಬಗ್ಗೆ ಜಿಪುಣತನ ಮಾಡಬೇಡಿ. ಟ್ರೇ ಎಡಕ್ಕೆ ತೆರೆಯುವುದರಿಂದ ಬ್ರೇಕ್ ಹಾಕಿದಾಗ ಏನೂ ಆಗುವುದಿಲ್ಲ, ಅಪಾಯ ಇರುವುದು ತಿರುವಿನಲ್ಲಿ. ಬಸ್ಸು ಬಲಕ್ಕೆ ತಿರುಗಿದರೆ ಎಡಗಡೆಯ ಟ್ರೇ ಹೊರಕ್ಕೆ ನುಗ್ಗುತ್ತದೆ. ನಮ್ಮ ಮೊದಲ ಟ್ರೇಗೆ ಮನೆ ಬಾಗಿಲಿನ ಸಣ್ಣ ಚಿಲಕ ಹಾಕಿದ್ದೆ. ಒಂದು ಬೆಳಗಿನ ಜಾವ ಬಲಕ್ಕೆ ತಿರುವು ತಗೊಂಡಾಗ ಚಿಲಕ ಕಿತ್ತು, ಟ್ರೇ ಬಾಗಿಲಿಗೆ ಗುದ್ದಿ, ಬಾಗಿಲು ತೆರೆದು, ಕಡಾಯಿ ರಸ್ತೆಯಲ್ಲಿ ಉರುಳಿಕೊಂಡು ಹೋಗಿ ಗದ್ದೆಗೆ ಬಿತ್ತು. ಹಿಂದೆ ಬೈಕು ಇರಲಿಲ್ಲ, ನಮ್ಮ ಪುಣ್ಯ. ಈಗ ಎರಡು ಬದಿಗೆ ಎರಡು ಸ್ಪ್ರಿಂಗ್ ಬೋಲ್ಟು, 12 ಎಂ.ಎಂ. ಸರಳಿನವು. ಒಂದೇ ಬೋಲ್ಟಿಗೆ ಇಡೀ ಟ್ರೇ ನೇತು ಹಾಕಿದರೂ ತಡೆಯಬೇಕು, ಅದೇ ಪರೀಕ್ಷೆ. ಹೊರಗೆ ಎಳೆದಾಗಲೂ ಅದೇ ಬೋಲ್ಟು ಇನ್ನೊಂದು ತೂತಿಗೆ ಬಿದ್ದು ನಿಲ್ಲಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಬೆರಳು ಹೋಗುತ್ತದೆ. ಬಾಗಿಲಿಗೆ ಒಂದು ಸ್ವಿಚ್ಚು ಕೊಟ್ಟು ಡ್ರೈವರ್ ಮುಂದೆ ಕೆಂಪು ಲೈಟು ಎಳೆದಿದ್ದೇನೆ. ಖರ್ಚು ಕಡಿಮೆ, ನಿದ್ದೆ ಜಾಸ್ತಿ.

ಸಿಲಿಂಡರನ್ನು ಈ ಟ್ರೇ ಮೇಲೆ ಇಡಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಡಿಕ್ಕಿಯ ತಳದಲ್ಲೇ ನಿಲ್ಲುತ್ತದೆ. ಅದಕ್ಕೆ ಬೇರೆ ಖಾನೆ, ನೆಲದಲ್ಲಿ ಗಾಳಿ ತೂತು, ಸಿಲಿಂಡರು ಯಾವಾಗಲೂ ನಿಂತೇ ಇರಬೇಕು. ಬ್ಯಾಟರಿ, ಇನ್ವರ್ಟರು ಆ ಖಾನೆಯ ಹತ್ತಿರವೂ ಬೇಡ.

ಎಲ್ಲಾ ಆದ ಮೇಲೆ ಪರೀಕ್ಷೆ. 25 ಕೆ.ಜಿ.ಯ ಆರು ಅಕ್ಕಿ ಮೂಟೆ ಹೇರಿ ಟ್ರೇ ಪೂರ್ತಿ ಎಳೆದು ಬಿಡಿ. ಮುಂತುದಿ ನೆಲದಿಂದ ಎಷ್ಟಿದೆ ಟೇಪಿನಲ್ಲಿ ನೋಡಿಕೊಂಡು, ಹೋಗಿ ಒಂದು ಪ್ಲೇಟು ಒಗ್ಗರಣೆ ಮಿರ್ಚಿ ತಿಂದು ಬನ್ನಿ. ಬಂದ ಮೇಲೂ ಅಷ್ಟೇ ಇದ್ದರೆ ಸರಿ. ತಗ್ಗಿದ್ದರೆ ಹಿಂದಿನ ಬೋಲ್ಟು ನೋಡಿ, ಹತ್ತಕ್ಕೆ ಒಂಬತ್ತು ಸಲ ತಪ್ಪು ಅಲ್ಲೇ ಇರುತ್ತದೆ. ಟ್ರೇ ಹೊರಗಿದ್ದಾಗ ಅದರ ಮೇಲೆ ಯಾರೂ ಹತ್ತಬಾರದು, ಕೂರಲೂಬಾರದು. ನಮ್ಮ ಹುಡುಗರು ಕೂತು ಟೀ ಕುಡಿಯುತ್ತಿದ್ದರು, ಹಾಗಾಗಿ ಮುಂತುದಿಗೆ ಮಡಚುವ ಕಾಲು ಒಂದನ್ನು ಆಮೇಲೆ ಸೇರಿಸಬೇಕಾಯಿತು.

ಹಳಿಗೆ ಗ್ರೀಸ್ ಹಚ್ಚಬೇಡಿ. ಇದು ಎಲ್ಲರೂ ಮಾಡುವ ತಪ್ಪು. ಸಂಡೂರು, ತೋರಣಗಲ್ಲು ಕಡೆ ಒಂದು ಸಲ ಹೋಗಿ ಬಂದರೆ ಅದಿರಿನ ಕೆಂಪು ಧೂಳು ಗ್ರೀಸಿಗೆ ಮೆತ್ತಿಕೊಂಡು ಸಾಣೆ ಹಿಡಿಯುವ ಪೇಸ್ಟ್ ಆಗುತ್ತದೆ, ಬೇರಿಂಗನ್ನೂ ಚಾನೆಲ್ಲನ್ನೂ ತಿನ್ನುತ್ತದೆ. ಸೀಲ್ ಬೇರಿಂಗಿನ ಒಳಗೆ ಬೇಕಾದಷ್ಟು ಗ್ರೀಸು ಇದೆ. ಹಳಿಯನ್ನು ಒಣ ಬ್ರಷ್ಷಿನಿಂದ ಗುಡಿಸಿ, ಬಟ್ಟೆಯಲ್ಲಿ ಒರೆಸಿ, ಅಷ್ಟು ಸಾಕು. ಮೊದಲ 500 ಕಿ.ಮೀ. ಆದ ಮೇಲೆ ಎಲ್ಲಾ ನಟ್ಟು ಒಮ್ಮೆ ಸ್ಪ್ಯಾನರ್ ಹಾಕಿ ನೋಡಿ.

ಕೊನೆಗೆ ಸಣ್ಣದೊಂದು. ಎಳೆದ ಟ್ರೇಯ ಮೂಲೆ ಸರಿಯಾಗಿ ಮೊಣಕಾಲ ಎತ್ತರಕ್ಕೆ ಬರುತ್ತದೆ, ಕತ್ತಲಲ್ಲಿ ಕಾಣುವುದೇ ಇಲ್ಲ. ಎರಡೂ ಮೂಲೆಗೆ ಹಳೆ ಸೈಕಲ್ ಟ್ಯೂಬು ಸುತ್ತಿ, ಮುಂದೆ ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಿ. ನಾನು ಅಂಟಿಸಿದ್ದು ಅಣ್ಣ ಕುಂಟಿಕೊಂಡು ಬಂದ ಮಾರನೇ ದಿನ.