ನುಸಿ ಇದ್ದಾಗ, ಇಲ್ಲದಾಗ: ತರಗೆಲೆ ಚೀಲದ ಪರೀಕ್ಷೆ

ಕಲಘಟಗಿ ಕಡೆಯ ಸಾಗವಾನಿ ಕಾಡಿನಲ್ಲಿ ತರಗೆಲೆ ಕೊಳೆಸುವ ಮುಖ್ಯ ಕೆಲಸ ಬೂಷ್ಟು, ಬ್ಯಾಕ್ಟೀರಿಯಾಗಳದು. ಇವೆರಡರಲ್ಲಿ ಯಾರ ಕೈ ಮೇಲಾಗಬೇಕು ಎಂಬುದರಲ್ಲಿ ನುಸಿ (ಮೈಟ್ ಎಂಬ ಎಂಟು ಕಾಲಿನ ಪುಟ್ಟ ಜೀವಿ), ಸ್ಪ್ರಿಂಗ್‌ಟೇಲ್‌ಗಳ (ಮಣ್ಣಿನಲ್ಲಿ ನೆಗೆಯುವ ರೆಕ್ಕೆಯಿಲ್ಲದ ಪುಟ್ಟ ಜೀವಿ) ಪಾತ್ರ ದೊಡ್ಡದು. ಅವು ಬೂಷ್ಟಿನ ಎಳೆಗಳನ್ನು ಹದವಾಗಿ ಮೇಯ್ದರೆ ಹೊಸ ಎಳೆ ಚಿಗುರುತ್ತದೆ. ಅತಿಯಾಗಿ ಮೇಯ್ದರೆ ಬೂಷ್ಟು ಸೊರಗಿ ಬ್ಯಾಕ್ಟೀರಿಯಾ ಹೆಚ್ಚುತ್ತದೆ. ಮೈಗಂಟಿದ ಬೀಜಕಣಗಳನ್ನು ಹೊಸ ಎಲೆಗೆ ಮುಟ್ಟಿಸುವುದೂ ಅವೇ. ಅವು ಇದ್ದಾಗ, ಇಲ್ಲದಾಗ ಬೂಷ್ಟು, ಬ್ಯಾಕ್ಟೀರಿಯಾಗಳ ಕೆಲಸ ಎಷ್ಟು ಬದಲಾಗುತ್ತದೆ ಎಂದು ತರಗೆಲೆ ತುಂಬಿದ ಬಲೆಚೀಲಗಳಿಂದ ಅಳೆಯುವುದೇ ಈ ಪರೀಕ್ಷೆ.

ಕಾಡಿಗೆ ಕಾಲಿಡುವ ಮುಂಚೆ ಅರಣ್ಯ ಇಲಾಖೆಯ ಅನುಮತಿ ಬೇಕು. ಗದಗ ಕಡೆಯ ಕಪ್ಪತಗುಡ್ಡವಂತೂ ವನ್ಯಜೀವಿ ಧಾಮ. ಅನುಮತಿ ಸಿಗದಿದ್ದರೆ ಹೊಲದ ಬದುವಿನ ಸಾಗವಾನಿ ಸಾಲೂ ನಡೆಯುತ್ತದೆ.

ಫೆಬ್ರುವರಿ–ಮಾರ್ಚಿನಲ್ಲಿ ಆಗಷ್ಟೇ ಉದುರಿದ ಎಲೆ ಆರಿಸಿ, ನೆರಳಲ್ಲಿ ಒಣಗಿಸಿ, 5 ಸೆಂ.ಮೀ. ತುಂಡು ಮಾಡಿರಿ. 20 × 20 ಸೆಂ.ಮೀ. ಚೀಲಕ್ಕೆ 10 ಗ್ರಾಂ ತುಂಬಿರಿ. ಒಂದು ಬಗೆಯ ಚೀಲಕ್ಕೆ ಸುಮಾರು 2 ಮಿ.ಮೀ. ಕಣ್ಣಿನ ನೈಲಾನ್ ಬಲೆ. ಇನ್ನೊಂದಕ್ಕೆ ಲಗ್ನಪತ್ರಿಕೆ ಮುದ್ರಿಸುವವರ ಸ್ಕ್ರೀನ್ ಪ್ರಿಂಟಿಂಗ್ ಬಟ್ಟೆ, ಕಣ್ಣು 0.05 ಮಿ.ಮೀ. ಆಸುಪಾಸು. ಇದರೊಳಗೆ ಬೂಷ್ಟಿನ ಎಳೆ ನುಗ್ಗುತ್ತದೆ, ನುಸಿ ನುಗ್ಗದು.

ಹೆಚ್ಚಿನವರು ಎಡವುವುದು ಇಲ್ಲಿಯೇ. ಸಣ್ಣ ಕಣ್ಣಿನ ಬಟ್ಟೆ ತೇವವನ್ನು ಹೆಚ್ಚು ಹೊತ್ತು ಹಿಡಿಯುತ್ತದೆ. ಆಗ ಕಂಡ ವ್ಯತ್ಯಾಸ ನುಸಿಯದೋ ನೀರಿನದೋ ತಿಳಿಯದು. ಅದಕ್ಕೆ ಮೂರನೆಯ ಬಗೆಯೂ ಬೇಕು: ಅದೇ ಸಣ್ಣ ಬಟ್ಟೆ, ಪಕ್ಕಗಳಲ್ಲಿ 2 ಮಿ.ಮೀ.ನ ಹತ್ತಾರು ತೂತು. ಇದರಲ್ಲಿ ತೇವ ಸಣ್ಣ ಬಟ್ಟೆಯಷ್ಟೇ, ಆದರೆ ನುಸಿ ನುಗ್ಗುತ್ತದೆ. ಡಾಂಬರ್ ಗುಳಿಗೆ ಹಾಕಿ ನುಸಿ ಓಡಿಸುವ ಹಳೆಯ ಉಪಾಯ ಬೇಡವೇ ಬೇಡ. ಕೆಲವು ಬ್ಯಾಕ್ಟೀರಿಯಾ ಆ ಗುಳಿಗೆಯನ್ನೇ ತಿಂದು ಬೆಳೆಯುತ್ತವೆ.

ಜೂನ್‌ನಲ್ಲಿ ಮುಂಗಾರು ಹಿಡಿದ ಮೇಲೆ ಚೀಲಗಳನ್ನು ಮಣ್ಣಿಗೆ ತಾಗುವಂತೆ ಮೊಳೆ ಹೊಡೆದು ಕೂರಿಸಿರಿ. 30, 60, 90 ದಿನಕ್ಕೆ ಪ್ರತಿ ಬಗೆಯ ನಾಲ್ಕು ಚೀಲ ತೆಗೆಯಿರಿ, ಒಟ್ಟು 36. ಎತ್ತುವಾಗ ಕೊಡವಬೇಡಿ, ನುಸಿ ಉದುರಿಹೋಗುತ್ತವೆ.

ನುಸಿ ಎಣಿಸಲು, ಪ್ರತಿ ಚೀಲದ ಅರ್ಧದಷ್ಟು ಎಲೆಯನ್ನು 2 ಮಿ.ಮೀ. ಜಾಲರಿಯ ಮೇಲೆ ತೆಳ್ಳಗೆ ಹರಡಿ ಲಾಳಿಕೆಯಲ್ಲಿಡಿ. ಕೆಳಗೆ ಶೇ. 70ರ ಆಲ್ಕೊಹಾಲ್, ಮೇಲೆ 15 ವ್ಯಾಟ್ ಬಲ್ಬ್. 5 ದಿನ ಬಿಡಿ. ಮೊದಲ ದಿನವೇ ದೊಡ್ಡ ಬಲ್ಬ್ ಹಾಕಿದರೆ ಎಲೆ ಬೇಗ ಒಣಗಿ, ಸ್ಪ್ರಿಂಗ್‌ಟೇಲ್ ಕೆಳಗಿಳಿಯುವ ಮೊದಲೇ ಸಾಯುತ್ತವೆ. ಸಣ್ಣ ಕಣ್ಣಿನ ಚೀಲದಲ್ಲೂ ನುಸಿ ಸಿಕ್ಕರೆ ಹೊಲಿಗೆ ಬಿಟ್ಟಿರಬೇಕು, ಇಲ್ಲವೇ ಎಲೆಯಲ್ಲೇ ಮೊಟ್ಟೆ ಇದ್ದಿರಬೇಕು.

ಬೂಷ್ಟು, ಬ್ಯಾಕ್ಟೀರಿಯಾಗಳ ಉಸಿರಾಟ ಅಳೆಯಲು, ಉಳಿದ ಅರ್ಧದ ಹಸಿ ಎಲೆಯನ್ನು ಒಂದು ಲೀಟರ್ ಬಾಟಲಿಯಲ್ಲಿಟ್ಟು, ಬಾಟಲಿಯೊಳಗೇ ಪಕ್ಕದಲ್ಲಿ ಇಂಗಾಲದ ಡೈಆಕ್ಸೈಡ್ ಹೀರಲು 0.5 ನಾರ್ಮಲ್ (ದ್ರಾವಣದ ಸಾಂದ್ರತೆಯ ಅಳತೆ) ಸೋಡಿಯಂ ಹೈಡ್ರಾಕ್ಸೈಡ್ 20 ಮಿ.ಲೀ. ಇರಿಸಿ 24 ಗಂಟೆ ಬಿಗಿಯಾಗಿ ಮುಚ್ಚಿರಿ. ಆ ದ್ರಾವಣಕ್ಕೆ ಬೇರಿಯಂ ಕ್ಲೋರೈಡ್, ಬಣ್ಣ ತೋರುವ ಫಿನಾಲ್ಫ್ತಲೀನ್ ಬೆರೆಸಿ, ಅಷ್ಟೇ ನಾರ್ಮಲ್‌ನ ಹೈಡ್ರೋಕ್ಲೋರಿಕ್ ಆಮ್ಲವನ್ನು ಗುಲಾಬಿ ಬಣ್ಣ ಹೋಗುವವರೆಗೆ ಹನಿಹನಿಯಾಗಿ ಅಳೆದು ಹಾಕಿರಿ (ಟೈಟ್ರೇಟ್ ಮಾಡಿರಿ). ಎಲೆಯಿಲ್ಲದೆ ಹೀಗೇ ಇಟ್ಟ ಇನ್ನೊಂದು ಬಾಟಲಿಗಿಂತ ಕಡಿಮೆ ಹಿಡಿದ ಪ್ರತಿ ಮಿ.ಲೀ. ಆಮ್ಲಕ್ಕೆ 11 ಮಿ.ಗ್ರಾಂ ಇಂಗಾಲದ ಡೈಆಕ್ಸೈಡ್. ಕೊನೆಗೆ ಬಾಟಲಿಯ ಅದೇ ಎಲೆಯನ್ನು 60 ಡಿಗ್ರಿಯ ಓವನ್‌ನಲ್ಲಿ 48 ಗಂಟೆ ಒಣಗಿಸಿ, ಅಂಕಿಯನ್ನು ಆ ಒಣತೂಕದ ಗ್ರಾಂಗಳಿಂದ ಭಾಗಿಸಿರಿ. ಹಸಿತೂಕ ಮಳೆಯ ಮೇಲೆ ಹೋಗುತ್ತದೆ.