ಕಾರ್ಯಕ್ಕೊಂದು ಬ್ಯಾಗು, ಆಳಿಗೊಂದು ಗಂಟು

ಮದುವೆಗೆ ಅಂತ ಕಾರಿನಲ್ಲಿ ಹೊರಡುವ ಈಗಿನ ಮಕ್ಕಳ ಡಿಕ್ಕಿ ನೋಡಿದರೆ ನನಗೆ ಮೈಯೆಲ್ಲಾ ಉರಿಯುತ್ತದೆ. ತಲೆಗೊಂದು ಟ್ರಾಲಿ ಬ್ಯಾಗು. ಅದರೊಳಗೆ ಮೂರು ದಿನದ ಬಟ್ಟೆ, ಶಾಂಪೂ, ಚಾರ್ಜರ್ರು, ಚಪ್ಪಲಿ, ರೇಷ್ಮೆ ಸೀರೆ ಎಲ್ಲಾ ಕಲಸುಮೇಲೋಗರ. ಛತ್ರದಲ್ಲಿ ಕೊಡುವುದು ಒಂದು ರೂಮು, ಎರಡು ಮಂಚ, ನೆಲಕ್ಕೆ ಜಮಖಾನ. ಅಷ್ಟರಲ್ಲಿ ಇಷ್ಟೂ ಬ್ಯಾಗು ಬಾಯಿ ತೆರೆದುಕೊಂಡು ಮಲಗಿದರೆ ಮನುಷ್ಯರು ಕಾಲಿಡುವುದೆಲ್ಲಿ? ಹೊರಗೆ ವಾಲಗ ಶುರುವಾಗಿರುತ್ತದೆ, ಒಳಗೆ "ಅಮ್ಮಾ, ನನ್ನ ಬ್ಲೌಸ್ ಎಲ್ಲಿ?", "ಅತ್ತೆ, ಪಿನ್ ಇದೆಯಾ?" ಅಂತ ಕೂಗಾಟ. ಲಂಗ ಸಿಕ್ಕಿದರೆ ಅದರಲ್ಲಿ ಲಾಡಿ ಇರುವುದಿಲ್ಲ. ಇವರು ಸಿಂಗಾರವಾಗಿ ಹೊರಗೆ ಬರುವಷ್ಟರಲ್ಲಿ ಧಾರೆ ಮುಗಿದು ಜನ ಊಟಕ್ಕೆ ಕೂತಿರುತ್ತಾರೆ. ಮದುವೆಗೆ ಹೋಗಿದ್ದು ಬ್ಲೌಸು ಹುಡುಕುವುದಕ್ಕಾ? ಬಾಯಲ್ಲಿ ಹೇಳಿದರೆ "ಆಯ್ತು ಬಿಡಜ್ಜಿ" ಅನ್ನುತ್ತಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಮೊದಲು ಹೊರಡುವ ವಿಷಯ. ನಮ್ಮ ಬಂಧುಬಳಗ ಅರ್ಧ ಬೆಂಗಳೂರಲ್ಲಿ, ಅರ್ಧ ಉಡುಪಿ ಕಡೆ. ದಾರಿ ಹೆಚ್ಚುಕಮ್ಮಿ 400 ಕಿಲೋಮೀಟರ್. ಕರಾವಳಿ ಮದುವೆಗಳಲ್ಲಿ ಅಭಿಜಿನ್ ಮುಹೂರ್ತ ಜಾಸ್ತಿ, ಅಂದರೆ ನಡುಮಧ್ಯಾಹ್ನ. ಅದನ್ನು ನೋಡಿದ ಕೂಡಲೇ ಹುಡುಗರು ಲೆಕ್ಕ ಹಾಕುತ್ತಾರೆ, ರಾತ್ರಿ ಎರಡು ಗಂಟೆಗೆ ಬಿಟ್ಟರೆ ಹನ್ನೊಂದಕ್ಕೆ ಅಲ್ಲಿರುತ್ತೇವೆ ಅಂತ. ಆ ಲೆಕ್ಕದಲ್ಲಿ ಮಗು ವಾಂತಿ ಮಾಡುವುದಿಲ್ಲ, ಟೈರು ಪಂಕ್ಚರ್ ಆಗುವುದಿಲ್ಲ, ಘಾಟಿಯಲ್ಲಿ ಲಾರಿ ಅಡ್ಡ ನಿಲ್ಲುವುದಿಲ್ಲ. ಸುಮ್ನೆ ಹಿಂದಿನ ದಿನ ಬೆಳಗ್ಗೆ ಕತ್ತಲಿರುವಾಗಲೇ ಹೊರಡಿ. ಬೆಳಕು ಹರಿಯುವ ಮೊದಲು ನೆಲಮಂಗಲ ದಾಟಿದರೆ ಅರ್ಧ ಗೆದ್ದ ಹಾಗೆ. ಸಂಜೆ ವರಪೂಜೆಗೆ ಸಿಗುತ್ತೀರಿ, ರಾತ್ರಿ ನಿದ್ದೆ ಆಗುತ್ತದೆ, ಬೆಳಗ್ಗೆ ಬಿಸಿನೀರಿಗೆ ಕ್ಯೂ ನಿಲ್ಲುವ ಮೊದಲೇ ಸ್ನಾನ ಮುಗಿದಿರುತ್ತದೆ.

ಇನ್ನೊಂದು ರೋಗ ಇದೆ. "ಹೇಗೂ ಆ ಕಡೆ ಹೋಗ್ತಿದೀವಲ್ಲ, ಸುಬ್ರಹ್ಮಣ್ಯ, ಧರ್ಮಸ್ಥಳ ಮುಗಿಸಿಬಿಡೋಣ." ಘಾಟಿ ಇಳಿದು ಗುಂಡ್ಯ ಬಂದ ಕೂಡಲೇ ಸುಬ್ರಹ್ಮಣ್ಯದ ಬೋರ್ಡು ಕಾಣುತ್ತದೆ, ಗಾಡಿ ತಾನಾಗೇ ಎಡಕ್ಕೆ ತಿರುಗುತ್ತದೆ. ದೇವರ ದರ್ಶನದ ಕ್ಯೂ ನಿಮ್ಮ ಮುಹೂರ್ತಕ್ಕೆ ಕಾಯುತ್ತದಾ? ದೇವಸ್ಥಾನ ಎಲ್ಲಾ ವಾಪಸ್ ಬರುವಾಗ. ಹೋಗುವಾಗ ಛತ್ರ ಒಂದೇ.

ಈಗ ನಾನು ಹೇಳಬೇಕು ಅಂತ ಕೂತ ವಿಷಯಕ್ಕೆ ಬರುತ್ತೇನೆ, ಬಟ್ಟೆ ಕಟ್ಟುವುದು. ನಮ್ಮತ್ತೆ ಕಲಿಸಿದ್ದು ಇದು. ಆಗ ಮನೆಮಂದಿಯೆಲ್ಲಾ ಒಂದು ಮೆಟಡಾರ್ ವ್ಯಾನಿನಲ್ಲಿ ತುಂಬಿಕೊಂಡು ಮದುವೆಗೆ ಹೋಗುತ್ತಿದ್ದೆವು. ಸೂಟ್‌ಕೇಸ್ ಇದ್ದದ್ದು ಯಜಮಾನರಿಗೆ ಮಾತ್ರ, ಹೆಂಗಸರದ್ದೆಲ್ಲಾ ಬಟ್ಟೆಯ ಗಂಟು. ಒಂದು ಮದುವೆಮನೆಯಲ್ಲಿ ನಾಲ್ಕು ಗಂಟೆಗೇ ಎದ್ದಿದ್ದೇವೆ, ಕರೆಂಟು ಹೋಯಿತು. ಎಲ್ಲರೂ ಮೇಣದಬತ್ತಿ, ಬೆಂಕಿಪೊಟ್ಟಣ ಅಂತ ತಡಕಾಡುತ್ತಿದ್ದರೆ ನಮ್ಮತ್ತೆ ಕತ್ತಲಲ್ಲೇ ಮಂಚದ ಕೆಳಗೆ ಕೈ ಹಾಕಿ, ಬೆರಳಲ್ಲಿ ಗಂಟು ಮುಟ್ಟಿ ನೋಡಿ, ತಮ್ಮ ಧಾರೆ ಸೀರೆ ಎಳೆದು ಉಟ್ಟುಕೊಂಡು ಹೊರಗೆ ಹೋಗಿ ಕೂತಿದ್ದರು. ಕಟ್ಟಿದ ಬಟ್ಟೆಯ ಬಾಲದಲ್ಲಿ ವರಪೂಜೆದಕ್ಕೆ ಒಂದು ಸಣ್ಣ ಗಂಟು, ಧಾರೆದಕ್ಕೆ ಎರಡು, ಆರತಕ್ಷತೆಗೆ ಮೂರು. ಅಷ್ಟೇ ಗುಟ್ಟು.

ಸೀರೆ ಸುತ್ತಿ ಕಟ್ಟುವ ಬಟ್ಟೆ ಹಳೇ ಕಾಟನ್ ಪಂಚೆಯದ್ದೇ ಆಗಬೇಕು. ಒಗೆದು ಒಗೆದು ಮೆತ್ತಗಾಗಿ, ಬೆಳಕಿಗೆ ಹಿಡಿದರೆ ಆಚೆ ಕಡೆ ಕಾಣುವಂಥದ್ದು. ಹೊಸ ಪಂಚೆ ಬೇಡ, ಗಂಜಿ ಹಾಕಿದ್ದಂತೂ ಬೇಡವೇ ಬೇಡ, ಗಂಜಿಗೆ ಹುಳ ಬರುತ್ತದೆ. ಬಣ್ಣದ ಬಟ್ಟೆಯೂ ಬೇಡ, ಉಡುಪಿ ಸೆಖೆಗೆ ಬೆವರಿ ಬಣ್ಣ ಬಿಟ್ಟರೆ ಸೀರೆ ಹೋಯಿತು. ಒಂದು ಪಂಚೆ ಅಡ್ಡಕ್ಕೆ ಹರಿದರೆ ಎರಡು ಗಂಟಿಗೆ ಆಗುತ್ತದೆ. ಇಂಥ ಪಂಚೆಯನ್ನು ನೀವು ನೆಲ ಒರೆಸುವುದಕ್ಕೆ ಹಾಕಿಬಿಡುತ್ತೀರಿ.

ಹೊರಡುವ ಹಿಂದಿನ ಸಂಜೆ ಸೀರೆ ತೆಗೆದು ಮಂಚದ ಮೇಲೆ ಪೂರ್ತಿ ಬಿಚ್ಚಿ ಹಾಸಿ. ಸ್ವಲ್ಪ ಹೊತ್ತು ಗಾಳಿಯಾಡಲಿ. ಆಮೇಲೆ ಮಡಿಸುವಾಗ ಹಳೇ ಮಡಿಕೆಯ ಗೆರೆ ಮೇಲೇ ಮತ್ತೆ ಮಡಿಸಬೇಡಿ, ನಾಲ್ಕು ಬೆರಳು ಈಚೆಗೆ ತನ್ನಿ. ಒಂದೇ ಕಡೆ ಮಡಿಕೆ ಬಿದ್ದು ಬಿದ್ದೇ ರೇಷ್ಮೆ ಸೀಳುವುದು, ಅದರಲ್ಲೂ ಜರಿ ಇರುವ ಕಡೆ. ಜರಿ ಒಳಕ್ಕೆ ಬರಬೇಕು, ಸೀರೆಯ ಉಲ್ಟಾ ಮೈ ಹೊರಗೆ. ಸೆರಗಿನ ಮಡಿಕೆಯೊಳಗೆ ಒಂದು ತುಂಡು ಮೆತ್ತನೆ ಬಟ್ಟೆ ಇಟ್ಟರೆ ಜರಿಗೆ ಜರಿ ಉಜ್ಜುವುದಿಲ್ಲ. ಕೈಯಿಂದ ಒತ್ತಿ ಒತ್ತಿ ಇಸ್ತ್ರಿ ಮಾಡಿದ ಹಾಗೆ ಮಾಡಬೇಡಿ, ಉಸಿರಾಡುವಷ್ಟು ಸಡಿಲ ಇರಲಿ. ಈಗ ಹೊಸದೊಂದು ಬಂದಿದೆ, ನೆರಿಗೆ ಹಿಡಿದು, ಕ್ಲಿಪ್ ಹಾಕಿ, ಮೇಲೆ ಬಿಸಿ ಇಸ್ತ್ರಿ ಎಳೆದು ಪೆಟ್ಟಿಗೆಯಲ್ಲಿ ಇಡುವುದು. ಉಡುವುದಕ್ಕೆ ಐದು ನಿಮಿಷ ಉಳಿಯಿತು ಅಂತ ಖುಷಿಪಡುತ್ತಾರೆ. ಆ ಗೆರೆ ಸುಲಭಕ್ಕೆ ಹೋಗುವುದಿಲ್ಲ. ಪಾಲಿಸ್ಟರಿಗೆ ಏನು ಬೇಕಾದರೂ ಮಾಡಿಕೊಳ್ಳಿ, ಅಜ್ಜಿ ಕೊಟ್ಟ ಸೀರೆಗೆ ಮಾಡಬೇಡಿ.

ಇನ್ನು ಜೋಡಿಸುವ ಕ್ರಮ. ಇಲ್ಲೇ ಎಲ್ಲರೂ ಎಡವುವುದು. ಪಂಚೆಯನ್ನು ಮೂಲೆ ನಿಮ್ಮ ಕಡೆ ಬರುವ ಹಾಗೆ ಹಾಸಿ. ಮೊದಲು ಸೀರೆ ಇಡಿ. ಅದರ ಮೇಲೆ ಬ್ಲೌಸು, ಹುಕ್ ಎಲ್ಲಾ ಹಾಕಿ ಬೆನ್ನು ಮೇಲೆ ಮಾಡಿ, ಹುಕ್ ಸೀರೆಗೆ ತಾಗದ ಹಾಗೆ ನಡುವೆ ಒಂದು ಕರ್ಚೀಫು. ಎಲ್ಲಕ್ಕಿಂತ ಮೇಲೆ ಲಂಗ. ಯಾಕೆ? ಬಿಚ್ಚಿದಾಗ ಮೊದಲು ಬೇಕಾದದ್ದೇ ಮೊದಲು ಕೈಗೆ ಬರಬೇಕು. ಸೀರೆ ಮೇಲಿಟ್ಟರೆ ಅದನ್ನು ಎತ್ತಿ ಎಲ್ಲೋ ಇಡಬೇಕು, ಆ ಎಲ್ಲೋ ಅನ್ನುವುದು ಯಾರದೋ ಒದ್ದೆ ಟವಲ್ ಮೇಲೇ ಆಗಿರುತ್ತದೆ. ಲಂಗ ಇಡುವ ಮೊದಲು ಲಾಡಿಯ ಎರಡು ತುದಿಯೂ ಹೊರಗಿದೆಯಾ ನೋಡಿ, ಎರಡನ್ನೂ ಸೇರಿಸಿ ಒಂದು ಗಂಟು ಹಾಕಿಡಿ. ಹಾಗೆ ಮಾಡಿದರೆ ಲಾಡಿ ಒಳಗೆ ಜಾರುವ ಪ್ರಶ್ನೆಯೇ ಇಲ್ಲ. ಬ್ಲೌಸನ್ನು ವಾರದ ಮುಂಚೆಯೇ ಒಂದು ಸಲ ಹಾಕಿ ನೋಡಿ. ಹೋದ ವರ್ಷ ಆಗುತ್ತಿದ್ದದ್ದು ಈ ವರ್ಷವೂ ಆಗುತ್ತದೆ ಅಂತ ನಂಬಬೇಡಿ.

ಪಿನ್ನುಗಳನ್ನು ಸೀರೆಗೇ ಚುಚ್ಚಿ ಇಡುವವರನ್ನು ನೋಡಿದ್ದೇನೆ. ಕರಾವಳಿ ಗಾಳಿಗೆ ಪಿನ್ನು ತುಕ್ಕು ಹಿಡಿದರೆ ಆ ಕಲೆ ಯಾವ ಡ್ರೈಕ್ಲೀನಿಂಗ್‌ಗೂ ಬಗ್ಗುವುದಿಲ್ಲ. ಒಂದು ಖಾಲಿ ಕುಂಕುಮದ ಡಬ್ಬಿಯಲ್ಲಿ ಹಾಕಿ, ಡಬ್ಬಿಯನ್ನು ಲಂಗದ ಪಕ್ಕ ಇಡಿ. ಆ ಸೀರೆಗೆ ಹೊಂದುವ ಗಾಜಿನ ಬಳೆಯನ್ನು ಒಂದು ಕಾಲುಚೀಲಕ್ಕೆ ಇಳಿಸಿ ಅಲ್ಲೇ ಇಡಿ. ಚಿನ್ನ ಮಾತ್ರ ಗಂಟಿನಲ್ಲಿ ಇಡಬೇಡಿ, ಅದು ಮೈಮೇಲೆ ಇಲ್ಲಾ ಕೈಚೀಲದಲ್ಲಿ.

ಕೊನೆಗೆ ಎದುರುಬದುರು ಮೂಲೆ ತಂದು, ಮೊದಲೆರಡನ್ನು ಸುಮ್ನೆ ಒಂದರ ಮೇಲೊಂದು ಮುಚ್ಚಿ, ಉಳಿದೆರಡನ್ನು ಮೇಲೆ ಜಾರುಗಂಟು. ಒಂದು ಕೈಯಲ್ಲಿ ಎಳೆದರೆ ಬಿಚ್ಚಬೇಕು. ಹಲ್ಲಲ್ಲಿ ಕಚ್ಚಿ ಬಿಚ್ಚುವ ಗಂಟು ಗಂಟಲ್ಲ. ಉಳಿದ ಬಾಲದಲ್ಲಿ ಕಾರ್ಯದ ಲೆಕ್ಕಕ್ಕೆ ಒಂದೋ ಎರಡೋ ಮೂರೋ ಸಣ್ಣ ಗಂಟು. ನನ್ನ ಸೊಸೆ ಅದರ ಬದಲು ಬಣ್ಣದ ಉಲ್ಲನ್ ದಾರ ಸುತ್ತುತ್ತಾಳೆ, ಕೆಂಪು ಅಂದರೆ ಧಾರೆ, ಹಸಿರು ಅಂದರೆ ಆರತಕ್ಷತೆ. ಅದೂ ಸರಿಯೇ, ಕರೆಂಟು ಇದ್ದರೆ. ರಬ್ಬರ್ ಬ್ಯಾಂಡ್ ಮಾತ್ರ ಹತ್ತಿರ ತರಬೇಡಿ. ಮೈಸೂರು ಸಿಲ್ಕಿನ ಜರಿಯಲ್ಲಿ ನೂರಕ್ಕೆ 65 ಭಾಗ ಬೆಳ್ಳಿ, ಚಿನ್ನ ಬರೀ 0.65 ಭಾಗ. ರಬ್ಬರಿನಲ್ಲಿ ಗಂಧಕ ಇರುತ್ತದೆ, ಅದು ತಾಗಿದರೆ ಬೆಳ್ಳಿ ಕಪ್ಪಾಗುತ್ತದೆ. ಸೆಂಟು ಹೊಡೆಯುವುದೂ ಅಷ್ಟೇ, ಸೀರೆ ಉಡುವ ಮೊದಲೇ ಮೈಗೆ ಹಾಕಿಕೊಂಡು ಒಣಗಲು ಬಿಡಿ, ಜರಿ ಮೇಲೆ ಬುಸ್ ಅನ್ನಿಸಬೇಡಿ. ಪ್ಲಾಸ್ಟಿಕ್ ಕವರೂ ಬೇಡ, ನುಸಿಗುಳಿಗೆಯೂ ಬೇಡ. ಮಂಟಪದಲ್ಲಿ ಪಕ್ಕ ಕೂತವರಿಗೆ ಮಲ್ಲಿಗೆ ವಾಸನೆ ಬರಬೇಕಾ, ಬೀರುವಿನ ವಾಸನೆ ಬರಬೇಕಾ?

ಹೀಗೆ ಎಲ್ಲರದ್ದೂ ಕಟ್ಟಿದ ಮೇಲೆ ಬ್ಯಾಗಿಗೆ ತುಂಬುವುದು. ಆಳಿಗೊಂದು ಬ್ಯಾಗಲ್ಲ, ಕಾರ್ಯಕ್ಕೊಂದು ಬ್ಯಾಗು. ವರಪೂಜೆ ಬ್ಯಾಗಿನಲ್ಲಿ ಮನೆಮಂದಿಯೆಲ್ಲರ ವರಪೂಜೆ ಗಂಟು, ಗಂಡಸರ ಪಂಚೆ ಶಲ್ಯ ಜುಬ್ಬ, ಮಕ್ಕಳ ಪರಕಾರ, ಎಲ್ಲಾ. ಧಾರೆ ಬ್ಯಾಗು ಬೇರೆ. ರೂಮಿನಲ್ಲಿ ಒಂದು ಹೊತ್ತಿಗೆ ಒಂದೇ ಬ್ಯಾಗಿನ ಬಾಯಿ ತೆರೆಯುತ್ತದೆ, ಮಿಕ್ಕದ್ದು ಮಂಚದ ಕೆಳಗೆ ತೆಪ್ಪಗಿರುತ್ತವೆ. ಟವಲು, ಬ್ರಷ್ಷು, ರಾತ್ರಿ ಹಾಕುವ ಬಟ್ಟೆ ಇವಕ್ಕೆ ಇನ್ನೊಂದು ಹಳೇ ಚೀಲ ಸಾಕು. ಹುಡುಗಿಯರಿಗೆ ಇದು ಮೊದಲು ಇಷ್ಟವಾಗುವುದಿಲ್ಲ, "ನಂದು ನಂಗೆ ಬೇರೆ ಬೇಕು" ಅನ್ನುತ್ತಾರೆ. ಒಂದು ಮದುವೆ ಮುಗಿಸಿ ಬರಲಿ, ಆಮೇಲೆ ತಾವೇ ಪಂಚೆ ಕೇಳಿಕೊಂಡು ಬರುತ್ತಾರೆ.

ಡಿಕ್ಕಿಯಲ್ಲಿ ಉಡುಗೊರೆ ಪಾತ್ರೆ, ತೆಂಗಿನಕಾಯಿ ಕೆಳಗೆ, ಸೀರೆ ಬ್ಯಾಗು ಎಲ್ಲಕ್ಕಿಂತ ಮೇಲೆ. ಉಪ್ಪಿನಕಾಯಿ ಬಾಟ್ಲಿ, ಎಣ್ಣೆ ಡಬ್ಬಿ ಕಾಲ ಬುಡದಲ್ಲಿ ಯಾರಾದರೂ ಹಿಡಿದುಕೊಂಡು ಕೂರಲಿ. ನಿಲ್ಲಿಸಿದಾಗ ಗಾಡಿ ನೆರಳಲ್ಲಿರಲಿ. ಮಾಘದಿಂದ ವೈಶಾಖದ ತನಕ ಮದುವೆ ಸೀಸನ್ನು, ಮುಚ್ಚಿದ ಕಾರು ಒಲೆ ಥರ ಕಾಯುತ್ತದೆ.

ತಿಂಡಿ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಗೊತ್ತಿರುವವರಿಗೆ ಗೊತ್ತು. ಮೊಸರನ್ನಕ್ಕೆ ಮೊಸರು ಸುರಿಯಬೇಡಿ. ಅನ್ನ ಮೆತ್ತಗೆ ಮಾಡಿ, ಬಿಸಿ ಇರುವಾಗಲೇ ಹಿಸುಕಿ, ಕಾಯಿಸಿದ ಹಾಲು ಹಾಕಿ, ಆರಿದ ಮೇಲೆ ಹೆಪ್ಪಿಗೆ ಬೇಕಾದಷ್ಟೇ ಮೊಸರು. ದಾರಿಯಲ್ಲಿ ತಾನೇ ಹದಕ್ಕೆ ಬರುತ್ತದೆ. ಪುಳಿಯೋಗರೆ ಇನ್ನೂ ಒಳ್ಳೆಯದು. ಕಾಯಿ ಚಟ್ನಿ ಆ ಬಿಸಿಲಿಗೆ ನಿಲ್ಲುವುದಿಲ್ಲ. ಹಾಸನದ ಹತ್ತಿರ ಹೊಟ್ಟೆಗೆ ಹಗುರವಾಗಿ ಏನಾದರೂ ಹಾಕಿಕೊಂಡು, ಶಿರಾಡಿ ಘಾಟಿ ಇಳಿದ ಮೇಲೇ ಹೊಟ್ಟೆ ತುಂಬ ಊಟ. ಸಕಲೇಶಪುರದಲ್ಲಿ ಪೂರಿ ಸಾಗು ಹೊಡೆದು ಘಾಟಿ ತಿರುವಿಗೆ ಇಳಿದರೆ ಅದು ಹೊಟ್ಟೆಯಲ್ಲಿ ಉಳಿಯುತ್ತದಾ? ಮಕ್ಕಳ ಕೈಯಿಂದ ಫೋನು ಕಿತ್ತು ಇಡಿ, ಮುಂದೆ ರಸ್ತೆ ನೋಡಲಿ. ಬಾಯಲ್ಲಿ ಒಣಗಿಸಿದ ನೆಲ್ಲಿಕಾಯಿ ಅಡಿಕೆ ಇಲ್ಲವೇ ಒಂದು ಚೂರು ಶುಂಠಿ. ಆದರೂ ಸೀಟಿನ ಹಿಂದೆ ಒಂದೆರಡು ಕವರು ಇರಲಿ, ಸೀರೆ ಬ್ಯಾಗಿನ ಕಡೆಗಲ್ಲ.

ಮುಗಿಸಿ ವಾಪಸ್ ಹೊರಡುವಾಗ ನಿಜವಾದ ಅವಾಂತರ. ಬೆವರಿದ ಸೀರೆಯನ್ನು ಬಿಸಿಬಿಸಿಯಾಗಿ ಮಡಿಸಿ ಗಂಟು ಕಟ್ಟಿಬಿಡುತ್ತಾರೆ. ಹಾಗೆ ಮಾಡಿದರೆ ಸೀರೆ ಮನೆ ಸೇರುವಷ್ಟರಲ್ಲಿ ಕಂಕುಳ ಹತ್ತಿರ, ಸೊಂಟದ ಹತ್ತಿರ ಬಿಳಿ ಬಿಳಿ ಕಲೆ. ಬಿಚ್ಚಿದ ಕೂಡಲೇ ರೂಮಿನಲ್ಲಿ ಒಂದು ಹಗ್ಗ ಕಟ್ಟಿ ಫ್ಯಾನಿನ ಕೆಳಗೆ ಹರಡಿ. ಬಿಸಿಲಿಗಲ್ಲ, ನೆರಳಲ್ಲಿ. ಹಗ್ಗ ನೀವೇ ತೆಗೆದುಕೊಂಡು ಹೋಗಿರಬೇಕು, ಛತ್ರದವರು ಕೊಡುವುದಿಲ್ಲ. ಸೀರೆ ಪೂರ್ತಿ ಆರಿ, ಕೈಯಿಟ್ಟರೆ ತಣ್ಣಗೆ, ಒಣಕಲಾಗಿ ಇರಬೇಕು. ಆಮೇಲೆ ಅದೇ ಪಂಚೆಯಲ್ಲಿ ಬರೀ ಸೀರೆ ಕಟ್ಟಿ. ಬೆವರಿದ ಬ್ಲೌಸು, ಲಂಗ ಬೇರೆ ಚೀಲಕ್ಕೆ. ಮನೆಗೆ ಬಂದ ಮಾರನೇ ದಿನ ಇನ್ನೊಂದು ಸಲ ಗಾಳಿಗೆ ಹಾಕಿ ಬೀರುವಿಗೆ ಇಡಿ, ಪಂಚೆ ತುಂಡುಗಳನ್ನು ಒಗೆದು ಒಣಗಿಸಿ ಅದರ ಪಕ್ಕದಲ್ಲೇ ಮಡಿಸಿಡಿ. ಮುಂದಿನ ಮದುವೆಗೆ ಹೊರಡುವ ಹಿಂದಿನ ರಾತ್ರಿ ನನಗೆ ಫೋನು ಮಾಡಿ "ಅಜ್ಜಿ, ಹಳೇ ಪಂಚೆ ಇದೆಯಾ" ಅಂತ ಕೇಳಬೇಡಿ.