ಟ್ರಿಗರ್ ತಿರುಪು ಬಿಡಿ, ಗೋಡೆಯ ಮುಂದೆ ನಿಲ್ಲಿ

ಬಳ್ಳಾರಿಯ ಏರ್ ಪಿಸ್ತೂಲ್ ಗೆಳೆಯರೇ, ಬಲಗೈಯಲ್ಲಿ ಹೊಡೆದ ಗುಂಡು ಎಡಕ್ಕೆ, ಕೆಳಕ್ಕೆ ಬೀಳುತ್ತಿದ್ದರೆ ಟ್ರಿಗರ್‌ನ ಬಿಗಿ ಬದಲಿಸಲು ತಕ್ಷಣ ತಿರುಪು ತಿರುಗಿಸುವ ಅಲೆನ್ ಕೀ ಹುಡುಕಬೇಡಿ. 10 ಮೀಟರ್ ಸ್ಪರ್ಧೆಯಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ತೂಕ ತಡೆಯಲೇಬೇಕು. ಅದಕ್ಕಿಂತ ತುಸು ಹೆಚ್ಚಿಗೆ ಒಮ್ಮೆ ಹೊಂದಿಸಿ, ಆಮೇಲೆ ತಿರುಪು ಮುಟ್ಟಬೇಡಿ. ವಾರಕ್ಕೊಮ್ಮೆ ಬದಲಾಗುವ ಟ್ರಿಗರ್‌ಗೆ ಯಾವ ಬೆರಳೂ ಒಗ್ಗುವುದಿಲ್ಲ.

ಪಿಸ್ತೂಲಿನಲ್ಲಿ ಪೆಲೆಟ್ (ಪುಟ್ಟ ಗುಂಡು) ಇಲ್ಲವೆಂದು ಎರಡು ಬಾರಿ ನೋಡಿ, ಗುಂಡಿಲ್ಲದೆ ಟ್ರಿಗರ್ ಎಳೆಯುವ ಡ್ರೈ ಫೈರ್‌ಗೆ ಹಾಕಿ, ಖಾಲಿ ಗೋಡೆಯ ಮುಂದೆ ನಿಲ್ಲಿ. ಗುರಿಯ ಹಾಳೆ ಬೇಡ. ಅದಿಲ್ಲದಿದ್ದರೆ ಕಣ್ಣು ನಳಿಕೆಯ ತುದಿಯಲ್ಲಿರುವ ಮುಂದಿನ ಸೈಟ್ (ಗುರಿ ಹಿಡಿಯುವ ಮೊನೆ) ಮೇಲೆಯೇ ನಿಲ್ಲುತ್ತದೆ. ಟ್ರಿಗರ್ ಕಳಚುವ ಕ್ಷಣದಲ್ಲಿ ಸೈಟ್ ಎತ್ತ ಸರಿಯಿತೆಂದು ಗಮನಿಸಿ. ತಗ್ಗಿದರೆ ಮಣಿಕಟ್ಟು ಸಡಿಲ, ಪಕ್ಕಕ್ಕೆ ವಾಲಿದರೆ ಸಾಮಾನ್ಯವಾಗಿ ಬೆರಳಿನದೇ ತಪ್ಪು. ಗುರಿಯ ಹಾಳೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಬರೀ 11.5 ಮಿಲಿಮೀಟರ್, ಸೈಟ್ ತುಸು ವಾಲಿದರೂ ಗುಂಡು ಅದರಿಂದ ಆಚೆ ಹೋಗಲು ಸಾಕು. ನಮ್ಮೂರಿನ ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಮೇಲು. ಅಂಗೈ ಬೆವರಿದರೆ ಹಿಡಿ ಜಾರುತ್ತದೆ.